ಸಮಾರಂಭದ ಚಿತ್ರ, ಹಳೆಯ ವಿದ್ಯಾರ್ಥಿಯ ನೋಟ

ವಿದ್ಯಾರ್ಥಿಯೊಬ್ಬರು ವಿಶ್ವವಿದ್ಯಾನಿಲಯದ ಆವರಣದಲ್ಲಿ ಕಳೆಯುವುದು ಹೆಚ್ಚೆಂದರೆ ಐದಾರು ವರ್ಷ. ಆದರೆ ಪದವಿ ಪತ್ರ ಕೈಗೆ ಬಂದ ಮೇಲೆ ಆ ಸಂಸ್ಥೆಯ ಹೆಸರನ್ನು ತಮ್ಮ ಹೆಸರಿನೊಡನೆ ಇರಿಸಿಕೊಂಡು ಬಾಳುವುದು ನಲವತ್ತು, ಐವತ್ತು ವರ್ಷ. ಈ ಲೆಕ್ಕದಲ್ಲಿ ನೋಡಿದರೆ, ಹಳೆಯದಾದ ಯಾವುದೇ ವಿಶ್ವವಿದ್ಯಾನಿಲಯದ ಅತಿ ದೊಡ್ಡ ಬಳಗವೆಂದರೆ ಅದರ ಹಳೆಯ ವಿದ್ಯಾರ್ಥಿಗಳೇ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯದ ವೇದಿಕೆಗಳಲ್ಲಿ ಆರ್.ಕೆ. ನಾರಾಯಣ್, ಎಂ.ಎನ್. ಶ್ರೀನಿವಾಸ್, ಎ.ಕೆ. ರಾಮಾನುಜನ್ ಮುಂತಾದವರ ಹೆಸರುಗಳನ್ನು ಮತ್ತೆ ಮತ್ತೆ ಕೇಳಬಹುದು. ಅಲ್ಲಿಯೇ ಓದಿ, ಅಲ್ಲಿಯೇ ಪಾಠ ಹೇಳಿ, 1956ರಲ್ಲಿ ಅದರ ಕುಲಪತಿಯೇ ಆದ ಕುವೆಂಪು ಅವರ ಸಾಧನೆಯನ್ನಂತೂ ಪ್ರತಿ ತಲೆಮಾರೂ ಅಭಿಮಾನದಿಂದ ನೆನೆಯುತ್ತದೆ. ಆದರೆ ಅದೇ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ತಾಲ್ಲೂಕು ಕಚೇರಿಯಲ್ಲಿ, ಪ್ರೌಢಶಾಲೆಯಲ್ಲಿ, ಬ್ಯಾಂಕಿನಲ್ಲಿ, ಹೊಲಮನೆಯಲ್ಲಿ ಬದುಕು ಕಟ್ಟಿಕೊಂಡ ಅಸಂಖ್ಯ ಜನರಿಗೆ ಅವರು ಓದಿದ ಸಂಸ್ಥೆಯಿಂದ ಮತ್ತೆಂದಾದರೂ ಒಂದು ಮಾತು ಬಂದಿದೆಯೇ ಎಂದು ಕೇಳಿದರೆ, ಹೆಚ್ಚಿನ ಕಡೆ ಉತ್ತರ ನಿರಾಶೆಯನ್ನೇ ತರುತ್ತದೆ.

ಹೀಗೆ ಕಡಿದುಹೋಗುವ ನಂಟನ್ನು ಉಳಿಸಿಕೊಳ್ಳುವ ವ್ಯವಸ್ಥಿತ ಪ್ರಯತ್ನಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿ ಹುಟ್ಟಿದ ಸಂಘವನ್ನು ಹಳೆಯ ವಿದ್ಯಾರ್ಥಿಗಳ ಅತ್ಯಂತ ಹಳೆಯ ಸಂಘವೆಂದು ಗುರುತಿಸಲಾಗುತ್ತದೆ. ಅದು ಹುಟ್ಟಿದ ಸಂದರ್ಭ ಗಮನಿಸತಕ್ಕದ್ದು: ಕಾಲೇಜಿನ ಅಧ್ಯಕ್ಷರೇ ಒಂದಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಆಮ್ಹರ್ಸ್ಟ್ ಎಂಬ ಊರಿಗೆ ಹೊರಟು ನಿಂತಾಗ, ಉಳಿದ ಕಾಲೇಜು ಮುಚ್ಚಿಹೋಗಬಹುದೆಂಬ ಆತಂಕದಿಂದ ಅಲ್ಲಿ ಹಿಂದೆ ಓದಿದವರು ಒಟ್ಟುಗೂಡಿ ಅದರ ಬೆನ್ನಿಗೆ ನಿಂತರು. ಹಣ ಸಂಗ್ರಹದ ಯೋಜನೆಯಿಂದಲ್ಲ, ಓದಿದ ಜಾಗ ಉಳಿಯಬೇಕೆಂಬ ಕಳಕಳಿಯಿಂದ ಆ ಸಂಘ ಹುಟ್ಟಿತೆಂಬುದನ್ನು ಇಂದಿನ ಸಂಸ್ಥೆಗಳು ಮರೆಯಬಾರದು.

ಕರ್ನಾಟಕದ ಕಾಲೇಜುಗಳಲ್ಲಿ ಆ ಕಳಕಳಿಯನ್ನು ದಶಕಗಳ ಕಾಲ ಹೊತ್ತುಕೊಂಡದ್ದು ಎರಡು ವಸ್ತುಗಳು, ಒಂದು ಸ್ಮರಣ ಸಂಚಿಕೆ, ಇನ್ನೊಂದು ಗ್ರೂಪ್ ಫೋಟೊ. ವರ್ಷದ ಕೊನೆಗೆ ಊರಿನ ಸ್ಟುಡಿಯೋದವರು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ತೆಗೆಯುತ್ತಿದ್ದ ಆ ಕಪ್ಪು-ಬಿಳುಪು ಚಿತ್ರದಲ್ಲಿ ಪ್ರಾಂಶುಪಾಲರು ನಟ್ಟನಡುವೆ, ಅವರ ಎರಡೂ ಬದಿಗೆ ಅಧ್ಯಾಪಕರು ಕುರ್ಚಿಗಳಲ್ಲಿ, ಹಿಂದೆ ಬೆಂಚುಗಳ ಮೇಲೆ ಎರಡು ಮೂರು ಸಾಲು ವಿದ್ಯಾರ್ಥಿಗಳು, ಮುಂದೆ ನೆಲದ ಮೇಲೆ ಕೆಲವರು, ಅಂಚಿನಲ್ಲಿ ಕೈಕಟ್ಟಿ ನಿಂತ ಅಟೆಂಡರ್ ಇರುತ್ತಿದ್ದರು. ಚಿತ್ರವನ್ನು ಅಂಟಿಸಿದ ದಪ್ಪ ರಟ್ಟಿನ ಕೆಳಭಾಗದಲ್ಲಿ ‘ಕುಳಿತವರು, ಎಡದಿಂದ ಬಲಕ್ಕೆ’, ‘ನಿಂತವರು, ಮೊದಲನೆಯ ಸಾಲು’ ಎಂದು ಪ್ರತಿಯೊಬ್ಬರ ಹೆಸರನ್ನೂ ಬರೆಯಲಾಗುತ್ತಿತ್ತು. ಶಾಲಾ ಕಾಲೇಜುಗಳ ದೊಡ್ಡ ಗುಂಪುಗಳಿಗಾಗಿ ಪಾಶ್ಚಾತ್ಯ ದೇಶಗಳಲ್ಲಿ ತಿರುಗುವ ಕ್ಯಾಮೆರಾ ಕೂಡ ಬಳಕೆಗೆ ಬಂದಿತ್ತು. 1904ರಲ್ಲಿ ಪೇಟೆಂಟ್ ಪಡೆದ ಸರ್ಕಟ್ ಎಂಬ ಆ ಯಂತ್ರವು ಹಲ್ಲುಚಕ್ರಗಳ ಮೇಲೆ ನಿಧಾನವಾಗಿ ಸುತ್ತುತ್ತ, ಸಣ್ಣ ಸೀಳಿನ ಹಿಂದೆ ಫಿಲ್ಮನ್ನು ಸರಿಸುತ್ತ, ಉದ್ದನೆಯ ಒಂದೇ ಚಿತ್ರವನ್ನು ಮೂಡಿಸುತ್ತಿತ್ತು. ಒಂದು ತುದಿಯಲ್ಲಿ ನಿಂತ ಹುಡುಗ ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ ಗುಂಪಿನ ಬೆನ್ನ ಹಿಂದೆ ಓಡಿ ಇನ್ನೊಂದು ತುದಿಯಲ್ಲಿ ನಿಂತರೆ ಒಂದೇ ಚಿತ್ರದಲ್ಲಿ ಎರಡು ಬಾರಿ ಕಾಣಿಸಿಕೊಳ್ಳಬಹುದಿತ್ತು. ತಂತ್ರ ಯಾವುದೇ ಆಗಿರಲಿ, ಹಳೆಯ ಗ್ರೂಪ್ ಫೋಟೊದ ನಿಜವಾದ ಬೆಲೆ ಅದರಲ್ಲಿ ಎಲ್ಲರೂ ಇದ್ದರು, ಎಲ್ಲರಿಗೂ ಹೆಸರಿತ್ತು ಎಂಬುದರಲ್ಲಿದೆ. ಇಂದು ಒಂದೇ ಸಮಾರಂಭದಲ್ಲಿ ಸಾವಿರಾರು ಚಿತ್ರಗಳನ್ನು ತೆಗೆಯುವ ಸೌಕರ್ಯವಿದ್ದರೂ, ಈ ಎರಡು ಗುಣಗಳು ಮಾತ್ರ ಕೈತಪ್ಪಿವೆ.

ಆ ಸಾವಿರಾರು ಚಿತ್ರಗಳು ಇಂದು ಹರಿದಾಡುವ ಸಾಮಾಜಿಕ ಜಾಲತಾಣವೆಂಬುದು, ಅಂದರೆ ಬಳಕೆದಾರರೇ ತಮ್ಮ ಮಾತು, ಚಿತ್ರ, ವಿಡಿಯೊಗಳನ್ನು ಹಾಕಿ ಪರಸ್ಪರ ಸಂಪರ್ಕದಲ್ಲಿರುವ ಅಂತರಜಾಲದ ವೇದಿಕೆಯು, ವಿಶ್ವವಿದ್ಯಾನಿಲಯಕ್ಕೆ ಹೊರಗಿನಿಂದ ಬಂದದ್ದೇನಲ್ಲ. ಫೇಸ್‌ಬುಕ್ 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದಲ್ಲಿ, ಮೊದಲಿಗೆ ಅಲ್ಲಿನ ವಿದ್ಯಾರ್ಥಿಗಳಿಗಷ್ಟೇ ತೆರೆದುಕೊಂಡ ತಾಣವಾಗಿ ಆರಂಭವಾಯಿತು. ಅದರ ಹೆಸರು ಕೂಡ ಅಮೆರಿಕದ ಕಾಲೇಜುಗಳು ಹೊಸ ವಿದ್ಯಾರ್ಥಿಗಳ ಮುಖ ಮತ್ತು ಹೆಸರುಗಳನ್ನು ಒಟ್ಟಿಗೆ ಮುದ್ರಿಸಿ ಹಂಚುತ್ತಿದ್ದ ಪುಸ್ತಕದಿಂದ ಬಂದದ್ದು. ಎಲ್ಲ ಸಾರ್ವಜನಿಕರಿಗೂ ಅದು ತೆರೆದುಕೊಂಡದ್ದು 2006ರಲ್ಲಿ. ಅದೇ 2004ರಲ್ಲಿ ಗೂಗಲ್ ಆರಂಭಿಸಿದ ಆರ್ಕುಟ್ ಭಾರತದಲ್ಲಿ ಬಹಳ ಬೇಗ ಜನಪ್ರಿಯವಾಯಿತು. ಕಾಲೇಜು, ಹಾಸ್ಟೆಲ್, ಬ್ಯಾಚ್‌ಗಳ ಹೆಸರಿನಲ್ಲಿ ಎಷ್ಟೋ ಗುಂಪುಗಳು ಅಲ್ಲಿ ಹುಟ್ಟಿಕೊಂಡವು, ಹಳೆಯ ಚಿತ್ರಗಳು ಅಲ್ಲಿ ಹಂಚಿಕೆಯಾದವು. 2014ರ ಸೆಪ್ಟೆಂಬರ್ 30ರಂದು ಆ ತಾಣ ಮುಚ್ಚಿದಾಗ, ತಮ್ಮ ಚಿತ್ರಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳದವರು ಕ್ರಮೇಣ ಎಲ್ಲವನ್ನೂ ಕಳೆದುಕೊಂಡರು. ಜಾಲತಾಣವು ಜನ ಸೇರುವ ಕಟ್ಟೆಯಾಗಬಲ್ಲುದೇ ಹೊರತು ದಾಖಲೆಗಳನ್ನು ಕಾಪಾಡುವ ಉಗ್ರಾಣವಾಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂದು ಬಳಕೆಯಲ್ಲಿರುವ ವೇದಿಕೆಗಳ ಸ್ವಭಾವ ಒಂದೇ ಬಗೆಯದಲ್ಲ. 2003ರಲ್ಲಿ ಬಳಕೆಗೆ ತೆರೆದುಕೊಂಡ ಲಿಂಕ್ಡ್‌ಇನ್ ಉದ್ಯೋಗದ ಸುತ್ತ ಕಟ್ಟಿದ ತಾಣ. ಅಲ್ಲಿನ ವಿಶ್ವವಿದ್ಯಾನಿಲಯದ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳು ಯಾವ ಊರುಗಳಲ್ಲಿ, ಯಾವ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿದ್ದಾರೆಂಬುದನ್ನು ಒಟ್ಟಾಗಿ ನೋಡಬಹುದು. ಇನ್‌ಸ್ಟಾಗ್ರಾಂ ಇತ್ತೀಚೆಗೆ ಪದವಿ ಪಡೆದ ಕಿರಿಯರ ತಾಣವಾದರೆ, ಫೇಸ್‌ಬುಕ್‌ನಲ್ಲಿ ಹಿರಿಯ ಬ್ಯಾಚ್‌ಗಳು ಇನ್ನೂ ಓಡಾಡಿಕೊಂಡಿವೆ. ಕರ್ನಾಟಕದಲ್ಲಿ ಹಳೆಯ ವಿದ್ಯಾರ್ಥಿಗಳ ಮಾತುಕತೆ ನಿಜವಾಗಿ ನಡೆಯುವುದು ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ. ಬ್ಯಾಚಿಗೊಂದು ಗುಂಪು, ಅದನ್ನು ನಡೆಸುವ ಉತ್ಸಾಹಿಯೊಬ್ಬರು, ಹುಟ್ಟುಹಬ್ಬ, ಮಕ್ಕಳ ಮದುವೆ, ನಿವೃತ್ತಿ, ಮರಣವಾರ್ತೆ ಎಲ್ಲವೂ ಅಲ್ಲಿಯೇ. ಆ ಗುಂಪುಗಳೊಳಗೆ ವಿಶ್ವವಿದ್ಯಾನಿಲಯವು ತಾನಾಗಿ ನುಗ್ಗುವುದು ಸರಿಯಲ್ಲ. ಬ್ಯಾಚಿನ ಪ್ರತಿನಿಧಿಗಳೊಡನೆ ಸಂಪರ್ಕವಿಟ್ಟುಕೊಂಡು, ಅವರು ಸಂತೋಷದಿಂದ ಹಂಚಿಕೊಳ್ಳುವಂಥ ಚಿತ್ರ ಮತ್ತು ಸುದ್ದಿಯನ್ನು ಅವರ ಕೈಗೆ ತಲುಪಿಸುವುದಷ್ಟೇ ಅದರ ಕೆಲಸ. ಎಲ್ಲ ತಾಣಗಳಿಗೂ ಒಂದೇ ಪೋಸ್ಟರನ್ನು ಒಂದೇ ಒಕ್ಕಣೆಯೊಡನೆ ಹಾಕಿ ಕೈತೊಳೆದುಕೊಳ್ಳುವ ರೂಢಿಯನ್ನು ಬಿಡಬೇಕು.

ಹಾಗಾದರೆ ಹಂಚಿಕೊಳ್ಳಲು ಯೋಗ್ಯವಾದ ಚಿತ್ರ ಯಾವುದು? ವಿಷಯದ ತಿರುಳಿರುವುದು ಇಲ್ಲಿ. ಯಾವುದಾದರೂ ವಿಶ್ವವಿದ್ಯಾನಿಲಯದ ಫೇಸ್‌ಬುಕ್ ಪುಟವನ್ನು ತೆರೆದು ನೋಡಿದರೆ, ಅಲ್ಲಿರುವ ಸಮಾರಂಭದ ಚಿತ್ರಗಳಲ್ಲಿ ಹೆಚ್ಚಿನವು ವೇದಿಕೆಯವೇ ಆಗಿರುತ್ತವೆ: ದೀಪ ಬೆಳಗುತ್ತಿರುವ ಅಥವಾ ಗಿಡಕ್ಕೆ ನೀರೆರೆಯುತ್ತಿರುವ ಗಣ್ಯರು, ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿ ಹಣ್ಣಿನ ಬುಟ್ಟಿ ಕೊಡುತ್ತಿರುವ ದೃಶ್ಯ, ಬಿಡುಗಡೆಯಾದ ಪುಸ್ತಕವನ್ನು ಎದೆಯ ಮುಂದೆ ಹಿಡಿದು ಸಾಲಾಗಿ ನಿಂತ ಹತ್ತು ಮಂದಿ. ಇವು ಕಚೇರಿಯ ಕಡತಕ್ಕೆ, ಮರುದಿನದ ಪತ್ರಿಕೆಗೆ ಬೇಕಾದ ಚಿತ್ರಗಳು. ಅವುಗಳ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಾಸನದಲ್ಲೋ ಹ್ಯೂಸ್ಟನ್‌ನಲ್ಲೋ ಕುಳಿತ ಹಳೆಯ ವಿದ್ಯಾರ್ಥಿ ಆ ಚಿತ್ರಗಳಲ್ಲಿ ಹುಡುಕುವುದು ಗಣ್ಯರನ್ನಲ್ಲ. ಆತನ ಕಣ್ಣು ಸಭಿಕರ ಸಾಲಿನಲ್ಲಿ ಕುಳಿತ ತನ್ನ ಮೇಷ್ಟರನ್ನು, ಹಿಂದಿನ ಗೋಡೆಯ ಮೇಲಿನ ಗಡಿಯಾರವನ್ನು, ತಾನು ಕುಳಿತಿದ್ದ ಕಿಟಕಿಯನ್ನು, ಗ್ರಂಥಾಲಯದ ಕೌಂಟರಿನಲ್ಲಿದ್ದವರನ್ನು, ಹಾಸ್ಟೆಲ್ ಮೆಸ್ಸಿನಲ್ಲಿ ಬಡಿಸುತ್ತಿದ್ದವರನ್ನು ಅರಸುತ್ತದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಭಾರತದ ಮುಂಚೂಣಿಯ ಸುದ್ದಿಚಿತ್ರಕಾರರಲ್ಲಿ ಒಬ್ಬರಾಗಿ 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಅವರ ಚಿತ್ರಗಳು ಇಂದಿಗೂ ಜನರನ್ನು ಹಿಡಿದು ನಿಲ್ಲಿಸುವುದು ಅವು ಸಾಮಾನ್ಯರ ದಿನನಿತ್ಯದ ಬದುಕಿನ ಕ್ಷಣಗಳನ್ನು ಘನತೆಯಿಂದ ಕಂಡದ್ದರಿಂದಲೇ. ವಿಶ್ವವಿದ್ಯಾನಿಲಯದ ಛಾಯಾಗ್ರಾಹಕರಿಗೆ ಅದೇ ನೆಲದಲ್ಲಿ ಬೆಳೆದ ಇಂಥ ಮಾದರಿಯಿರುವಾಗ ದೂರ ಹುಡುಕಬೇಕಾಗಿಲ್ಲ.

ಘಟಿಕೋತ್ಸವ, ಅಂದರೆ ಪದವಿ ಪ್ರದಾನ ಸಮಾರಂಭವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಭವನದಂಥ ಸಭಾಂಗಣದಲ್ಲಿ ಕುಲಾಧಿಪತಿಗಳಾದ ರಾಜ್ಯಪಾಲರಿಂದ ಚಿನ್ನದ ಪದಕ ಸ್ವೀಕರಿಸುವ ಕ್ಷಣಕ್ಕೆ ಛಾಯಾಗ್ರಾಹಕರಿಗೆ ಸಿಗುವುದು ಎರಡು ಮೂರು ಸೆಕೆಂಡು ಮಾತ್ರ. ಪದಕ ಪಡೆದವರ ಹೆಸರು ಕರೆಯುವ ಪಟ್ಟಿಯ ಒಂದು ಪ್ರತಿ ಛಾಯಾಗ್ರಾಹಕರ ಬಳಿಯೂ ಇದ್ದು, ಚಿತ್ರಗಳ ಕ್ರಮ ಆ ಪಟ್ಟಿಯ ಕ್ರಮಕ್ಕೆ ಹೊಂದುವಂತೆ ನೋಡಿಕೊಂಡರೆ, ಯಾವ ಮುಖ ಯಾರದೆಂಬ ಗೊಂದಲ ಆಮೇಲೆ ಉಳಿಯುವುದಿಲ್ಲ. ಬೆಳಕಿನ ತೊಡಕುಗಳೂ ಇವೆ. ವೇದಿಕೆಯ ಹಿಂದೆ ದೊಡ್ಡ ಎಲ್‌ಇಡಿ ಪರದೆ ಉರಿಯುತ್ತಿದ್ದರೆ ಕ್ಯಾಮೆರಾ ಆ ಹೊಳಪಿಗೆ ಹೊಂದಿಕೊಂಡು ಮುಂದಿರುವ ಮುಖಗಳನ್ನು ಕಪ್ಪಾಗಿಸುತ್ತದೆ. ಭಾರತದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನಗಳದ್ದಾದ್ದರಿಂದ ಸಭಾಂಗಣದ ಅಗ್ಗದ ದೀಪಗಳು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಹಾಗಾಗಿ ಕ್ಯಾಮೆರಾದ ಷಟರ್ ಅದಕ್ಕಿಂತ ಬಹಳ ವೇಗವಾಗಿ ತೆರೆದು ಮುಚ್ಚಿದರೆ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ಮೂಡುತ್ತವೆ. ಸೆಕೆಂಡಿನ 100ನೇ ಒಂದು ಭಾಗ ಅಥವಾ 50ನೇ ಒಂದು ಭಾಗದ ಷಟರ್ ವೇಗದಲ್ಲಿ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿ ತೆಗೆದ ವೇದಿಕೆಯ ಚಿತ್ರಕ್ಕಿಂತಲೂ ಹೆಚ್ಚು ಕಾಲ ಉಳಿಯುವ ಚಿತ್ರ ಸಿಗುವುದು ಸಭಾಂಗಣದ ಹೊರಗೆ. ಬಾಡಿಗೆಯ ಗೌನನ್ನು ಮಗಳು ತಾಯಿಗೆ ತೊಡಿಸಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು, ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಅಜ್ಜ ಪದಕವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡುವುದು, ಇಂಥವೆಲ್ಲ ಆವರಣದ ಮರಗಳ ಕೆಳಗೆ ನಡೆಯುತ್ತವೆ. ಒಬ್ಬ ಛಾಯಾಗ್ರಾಹಕರನ್ನಾದರೂ ಇಡೀ ದಿನ ಹೊರಗೇ ನಿಲ್ಲಿಸುವುದು ಅಪವ್ಯಯವಲ್ಲ. ಆ ಬ್ಯಾಚು ಇಪ್ಪತ್ತೈದು ವರ್ಷಗಳ ನಂತರ ಕೇಳಿಕೊಂಡು ಬರುವುದು ಆ ಚಿತ್ರಗಳನ್ನೇ.

ಸ್ನೇಹ ಸಮ್ಮಿಲನ, ಗುರುವಂದನೆಗಳ ಮಾತೂ ಅದೇ. ನೋಂದಣಿಯ ಮೇಜಿನ ಬಳಿ ಹೆಸರಿನ ಬಿಲ್ಲೆಯನ್ನು ಮೊದಲು ಓದಿ, ಆಮೇಲೆ ಮುಖ ನೋಡಿ, ಅನಂತರ ಹೆಗಲ ಮೇಲೆ ಕೈ ಹಾಕುವ ಗೆಳೆಯರ ಆ ಒಂದು ನಿಮಿಷ, ನಿವೃತ್ತ ಅಧ್ಯಾಪಕರು ಹಳೆಯ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದಾಗ ಅರವತ್ತು ದಾಟಿದವರು ಎದ್ದು ನಿಂತು ‘ಪ್ರೆಸೆಂಟ್ ಸಾರ್’ ಎನ್ನುವ ಗಳಿಗೆ, ಇವನ್ನು ಮರಳಿ ಮಾಡಿಸಿ ತೆಗೆಯಲಾಗದು. ಆದ್ದರಿಂದ ಛಾಯಾಗ್ರಾಹಕರು ಉದ್ಘಾಟನೆಯ ಹೊತ್ತಿಗಲ್ಲದೆ ಮೊದಲ ಅತಿಥಿ ಬರುವ ಹೊತ್ತಿಗೆ ಬಂದಿರಬೇಕು. ಆಯ್ದ ಹತ್ತು ಹದಿನೈದು ಚಿತ್ರಗಳು ಅದೇ ಸಂಜೆ ಜನರನ್ನು ತಲುಪಿದರೆ, ಬಾರದಿದ್ದವರೂ ಮನಸ್ಸಿನಿಂದ ಪಾಲ್ಗೊಳ್ಳುತ್ತಾರೆ. ಪೂರ್ಣ ಸಂಗ್ರಹಕ್ಕೆ ವಾರ ಹಿಡಿದರೂ ತಪ್ಪಿಲ್ಲ.

ಚಿತ್ರ ತೆಗೆದಾದ ಮೇಲಿನ ಕೆಲಸ ಬೇಸರದ್ದು, ಆದರೆ ಅತಿ ಮುಖ್ಯವಾದದ್ದು. ಡಿಜಿಟಲ್ ಚಿತ್ರದ ಕಡತದೊಳಗೆ, ಚಿತ್ರದ ಜೊತೆಗೇ, ಅದನ್ನು ಕುರಿತ ಮಾಹಿತಿಯನ್ನು ಅಡಗಿಸಿಡುವ ವ್ಯವಸ್ಥೆಯಿದೆ. ಇದನ್ನು ಮೆಟಾಡೇಟಾ ಎನ್ನುತ್ತಾರೆ. ತೆಗೆದ ದಿನಾಂಕ, ಸಮಯಗಳನ್ನು ಕ್ಯಾಮೆರಾ ತಾನೇ ಬರೆದುಕೊಳ್ಳುತ್ತದೆ. ಸಮಾರಂಭದ ಹೆಸರು, ಸ್ಥಳ, ಚಿತ್ರದಲ್ಲಿರುವವರು, ತೆಗೆದವರು ಎಂಬ ವಿವರಗಳನ್ನು ಮನುಷ್ಯರೇ ತುಂಬಬೇಕು, ಸುದ್ದಿಸಂಸ್ಥೆಗಳಲ್ಲಿ ಇದಕ್ಕಾಗಿ ಐಪಿಟಿಸಿ ಎಂಬ ಅಂತರರಾಷ್ಟ್ರೀಯ ಮಾದರಿ ಬಳಕೆಯಲ್ಲಿದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಗಾತ್ರ ಕುಗ್ಗುವುದರ ಜೊತೆಗೆ ಈ ಮಾಹಿತಿಯೂ ಅಳಿಸಿಹೋಗುತ್ತದೆ; ಆದ್ದರಿಂದ ಗುಂಪಿನಿಂದ ಗುಂಪಿಗೆ ಹರಿದ ಪ್ರತಿಯನ್ನೇ ಮೂಲವೆಂದು ಎತ್ತಿಟ್ಟರೆ ಕೊನೆಗೆ ಉಳಿಯುವುದು ಮಸುಕಾದ, ಹೆಸರಿಲ್ಲದ ಮುಖಗಳು. ಕನ್ನಡಕ್ಕೇ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಕಚೇರಿಗಳಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಜಾಲತಾಣಕ್ಕೆ ಹಾಕಿದರೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಇದನ್ನು ತಪ್ಪಿಸಲೆಂದು ಆಹ್ವಾನ ಪತ್ರಿಕೆಯನ್ನು, ಹೆಸರುಗಳ ಪಟ್ಟಿಯನ್ನು ಸಹ ಚಿತ್ರವನ್ನಾಗಿ ಪರಿವರ್ತಿಸಿ ಹಾಕುವ ಅಭ್ಯಾಸ ಬೆಳೆದಿದೆ. ಚಿತ್ರದೊಳಗೆ ಸೇರಿದ ಅಕ್ಷರವನ್ನು ಹುಡುಕಿ ತೆಗೆಯುವುದು ಕಷ್ಟ, ದೃಷ್ಟಿದೋಷವುಳ್ಳ ಹಳೆಯ ವಿದ್ಯಾರ್ಥಿಗಳು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಂತೂ ಅದು ಗೋಡೆಯೇ ಸರಿ. ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದರೆ ಮಾತ್ರ, ಹತ್ತು ವರ್ಷಗಳ ನಂತರ ಯಾರಾದರೂ ಹುಡುಕಿದಾಗ ಚಿತ್ರ ಸಿಗುತ್ತದೆ.

ಹೆಸರು ಗೊತ್ತಿಲ್ಲದಿದ್ದಾಗ ಹಳೆಯ ವಿದ್ಯಾರ್ಥಿಗಳನ್ನೇ ಕೇಳಬಹುದು, ಮತ್ತು ಸಂಪರ್ಕದ ಅತ್ಯುತ್ತಮ ರೂಪ ಬಹುಶಃ ಇದೇ. ವಿಭಾಗದ ಮೊಗಸಾಲೆಯಲ್ಲಿ ತೂಗುಹಾಕಿದ ಹಳೆಯ ಗ್ರೂಪ್ ಫೋಟೊವೊಂದನ್ನು ವಾರಕ್ಕೊಮ್ಮೆ ಹಾಕಿ ಎರಡನೆಯ ಸಾಲಿನಲ್ಲಿ ಬಲತುದಿಗೆ ನಿಂತವರು ಯಾರೆಂದು ವಿಚಾರಿಸಿದರೆ, ಅದು ಪ್ರಕಟಣೆಯಾಗಿ ಉಳಿಯದೆ ಸಂವಾದವಾಗುತ್ತದೆ. ಉತ್ತರಿಸಿದವರು ಸಂಸ್ಥೆಗೆ ಏನನ್ನೋ ಕೊಟ್ಟ ಸಮಾಧಾನವನ್ನು ಪಡೆಯುತ್ತಾರೆ, ಗುರುತಿಸಲ್ಪಟ್ಟವರ ಮಕ್ಕಳು ಎಲ್ಲಿಂದಲೋ ಬಂದು ಕೃತಜ್ಞತೆ ಹೇಳುತ್ತಾರೆ. ಆದರೆ ಬಂದ ಉತ್ತರಗಳನ್ನು ಯಾರಾದರೊಬ್ಬರು ಓದಿ, ಪರಿಶೀಲಿಸಿ, ದಾಖಲೆಯನ್ನು ತಿದ್ದಿ, ಉತ್ತರಿಸಿದವರಿಗೆ ಎರಡು ಸಾಲು ಮರುಬರೆಯುವ ಏರ್ಪಾಡು ಇರಲೇಬೇಕು. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಹೆಚ್ಚು ನೋವುಂಟುಮಾಡುತ್ತದೆ.

ಒಪ್ಪಿಗೆ ಮತ್ತು ಹಕ್ಕಿನ ಪ್ರಶ್ನೆಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯ ಬಳಕೆಗೆ ಒಪ್ಪಿಗೆಯನ್ನು ಆಧಾರವಾಗಿ ಪಡೆಯುವಲ್ಲಿ ಆ ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು, ಅದನ್ನು ಕೋರುವ ಸೂಚನೆಯು ಇಂಗ್ಲಿಷ್‌ನಲ್ಲಿ ಅಥವಾ ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ದೊರೆಯಬೇಕು ಎನ್ನುತ್ತದೆ. ನೋಂದಣಿ ಅರ್ಜಿಯಲ್ಲಿಯೇ ಚಿತ್ರ ಪ್ರಕಟಣೆಯ ಬಗೆಗೆ ಒಂದು ಸಾಲು ಸೇರಿಸುವುದು, ಬೇಡವೆಂದವರಿಗೆ ಬೇರೆ ಬಣ್ಣದ ಬಿಲ್ಲೆ ಕೊಡುವುದು, ಚಿತ್ರ ತೆಗೆದುಹಾಕಲು ಕೋರಿದರೆ ಕಾರಣ ಕೇಳದೆ ತೆಗೆಯುವುದು ಸೌಜನ್ಯದ ದೃಷ್ಟಿಯಿಂದಲೂ ಅಪೇಕ್ಷಣೀಯ. ಫೇಸ್‌ಬುಕ್ ಸಹ ಮುಖಗಳನ್ನು ತಾನಾಗಿ ಗುರುತಿಸುವ ವ್ಯವಸ್ಥೆಯನ್ನು 2021ರಲ್ಲಿ ನಿಲ್ಲಿಸಿ, ನೂರು ಕೋಟಿಗೂ ಹೆಚ್ಚು ಜನರ ಮುಖಲಕ್ಷಣದ ದಾಖಲೆಗಳನ್ನು ಅಳಿಸುವುದಾಗಿ ಪ್ರಕಟಿಸಿತು. ಇನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು ತೆಗೆಸಿದವರದು. ಆದರೆ ಹವ್ಯಾಸದಿಂದ ವಿದ್ಯಾರ್ಥಿಯೊಬ್ಬರು ತೆಗೆದ ಚಿತ್ರ ಆ ವಿದ್ಯಾರ್ಥಿಯದೇ, ಅದನ್ನು ಬಳಸುವಾಗ ಅನುಮತಿ ಪಡೆದು ಹೆಸರು ಹಾಕುವುದು ಸಂಸ್ಥೆಯ ಕರ್ತವ್ಯ.

ಈ ಎಲ್ಲ ಪ್ರಯತ್ನಗಳ ಹಿಂದೆ ಹಣದ ನಿರೀಕ್ಷೆಯೂ ಇರುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಸಂಸ್ಥೆಗಳನ್ನು ಅಳೆಯುವ ಮಾನದಂಡಗಳಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಮತ್ತು ಅದರ ಕೊಡುಗೆಯನ್ನೂ ಸೇರಿಸಿತು. ಆ ಬಳಿಕ ಎಷ್ಟೋ ಕಾಲೇಜುಗಳಲ್ಲಿ ಪರಿಶೀಲನಾ ತಂಡ ಬರುವ ವರ್ಷವಷ್ಟೇ ಸಂಘಕ್ಕೆ ಜೀವ ಬರುವುದುಂಟು. ಧಾರವಾಡದಲ್ಲಿ ಪಿಯುಸಿ ಓದಿ 1973ರಲ್ಲಿ ಮುಂಬಯಿಯ ಐಐಟಿ ಸೇರಿದ ನಂದನ್ ನಿಲೇಕಣಿ, ಆ ನಂಟಿಗೆ ಐವತ್ತು ವರ್ಷ ತುಂಬಿದ 2023ರಲ್ಲಿ ಅದೇ ಸಂಸ್ಥೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದಕ್ಕೆ ಮೊದಲೂ ಅವರು 85 ಕೋಟಿ ಕೊಟ್ಟಿದ್ದರು. ಅಂಥ ಕೊಡುಗೆಯ ಹಿಂದೆ ದಶಕಗಳ ಒಡನಾಟವಿರುತ್ತದೆ. ವರ್ಷಗಟ್ಟಲೆ ಮಾತನಾಡಿಸದೆ, ಇದ್ದಕ್ಕಿದ್ದಂತೆ ಬ್ಯಾಂಕ್ ಖಾತೆಯ ಸಂಖ್ಯೆಯೊಡನೆ ಬರುವ ಸಂದೇಶ ಬಾಂಧವ್ಯವನ್ನು ಬೆಳೆಸುವುದಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ಗ್ರಂಥಾಲಯಕ್ಕೆ ಕೊಡುವ ನಲವತ್ತು ಪುಸ್ತಕಗಳ ಚಿತ್ರಕ್ಕೆ ಕೋಟಿ ಕೊಟ್ಟವರ ಚಿತ್ರದಷ್ಟೇ ಜಾಗ ಸಿಗುವ ಸಂಸ್ಥೆಯಲ್ಲಿ ಕೊಡುವ ಕೈಗಳಿಗೆ ಬರ ಬಾರದು.

ಜಿಲ್ಲಾ ಕೇಂದ್ರದ, ತಾಲ್ಲೂಕಿನ ಸರ್ಕಾರಿ ಕಾಲೇಜುಗಳಿಗೆ ಪ್ರತ್ಯೇಕ ಛಾಯಾಗ್ರಾಹಕರಾಗಲಿ ಸಂಪರ್ಕಾಧಿಕಾರಿಯಾಗಲಿ ಇರುವುದಿಲ್ಲ. ಆದರೆ ಅಲ್ಲಿಯೂ ಪತ್ರಿಕೋದ್ಯಮದ ವಿದ್ಯಾರ್ಥಿಗಳು, ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಇದ್ದಾರೆ, ಅವರ ಕೈಯಲ್ಲಿ ಸಾಕಷ್ಟು ಒಳ್ಳೆಯ ಕ್ಯಾಮೆರಾವುಳ್ಳ ಮೊಬೈಲುಗಳಿವೆ. ಅಂಥವರು ಮೊದಲು ಕೈಗೆತ್ತಿಕೊಳ್ಳಬೇಕಾದ ಕೆಲಸವೆಂದರೆ ಪ್ರಾಂಶುಪಾಲರ ಕೊಠಡಿಯಲ್ಲಿ, ಮೊಗಸಾಲೆಯಲ್ಲಿ, ಕೆಲವೆಡೆ ಉಗ್ರಾಣದ ಮೂಲೆಯಲ್ಲಿ ಗೆದ್ದಲಿಗೆ ಸಿಕ್ಕುತ್ತಿರುವ ಹಳೆಯ ಗ್ರೂಪ್ ಫೋಟೊಗಳ ಡಿಜಿಟಲ್ ಪ್ರತಿ ಮಾಡುವುದು. ಚೌಕಟ್ಟಿನ ಗಾಜು ಚಿತ್ರಕ್ಕೆ ಅಂಟಿಕೊಂಡಿದ್ದರೆ ಅದನ್ನು ಕೀಳಲು ಹೋಗಬಾರದು. ಫ್ಲ್ಯಾಶ್ ಬಳಸದೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇರಿಸಿ, ಎದುರಿಗೆ ಕಪ್ಪು ಬಟ್ಟೆ ಹಿಡಿದರೆ ಗಾಜಿನ ಪ್ರತಿಫಲನ ತಪ್ಪುತ್ತದೆ. ಚಿತ್ರವನ್ನಷ್ಟೇ ಕತ್ತರಿಸಿಕೊಂಡು ರಟ್ಟನ್ನು ಬಿಡುವ ತಪ್ಪು ಸಾಮಾನ್ಯವಾಗಿ ಆಗುತ್ತದೆ. ಹೆಸರುಗಳಿರುವುದು ರಟ್ಟಿನ ಮೇಲೆಯೇ ಆದ್ದರಿಂದ ಅದೂ ಚಿತ್ರದೊಳಗೆ ಬರಬೇಕು, ಚೌಕಟ್ಟಿನ ಬೆನ್ನಿಗೆ ಸ್ಟುಡಿಯೋದ ಮೊಹರಿದ್ದರೆ ಅದನ್ನೂ ಬೇರೆಯಾಗಿ ತೆಗೆದಿಡಬೇಕು. ಪ್ರತಿಗಳು ಕಾಲೇಜಿನ ಗಣಕಯಂತ್ರದಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಅಥವಾ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇನ್ನೊಂದು ಇರಲಿ. 1950 ಮತ್ತು 60ರ ದಶಕದ ಚಿತ್ರಗಳಲ್ಲಿರುವವರನ್ನು ನೋಡಿ ಹೆಸರು ಹೇಳಬಲ್ಲ ಸಹಪಾಠಿಗಳು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. ಕೆಲಸ ಆ ದಶಕಗಳಿಂದಲೇ, ಈ ವರ್ಷವೇ ಮೊದಲಾಗಬೇಕು.